ಮಗುವಿಗೆ ಯೂರೋಪಿನ ಪಾಸ್‌ಪೋರ್ಟ್, ಅಪ್ಪ-ಅಮ್ಮನಿಗೆ ಭಾರತದ್ದು: ಅಲ್ಲೇ ಉಳಿಯಲು ಯಾವ ದಾರಿ ಗಟ್ಟಿ?

ಯೂರೋಪಿನಲ್ಲಿ ಮಗು ಹುಟ್ಟಿದರೆ ಅಪ್ಪ-ಅಮ್ಮ ಅಲ್ಲೇ ಇರಬಹುದು ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ. ಯೂರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ, ಬೇರೆ ಯಾವ ಷರತ್ತೂ ಇಲ್ಲದೆ ಹುಟ್ಟಿದ ಮಣ್ಣಿನ ಮೇಲೆಯೇ ಪೌರತ್ವ ಕೊಡುವ ದೇಶ ಇಂದು ಒಂದೂ ಇಲ್ಲ. ಹಾಗೆ ಕೊಡುತ್ತಿದ್ದ ಐರ್ಲೆಂಡ್ 2004ರ ಜನಮತಗಣನೆಯ ನಂತರ, 2005ರ ಜನವರಿ 1ರಿಂದ ಬಾಗಿಲು ಹಾಕಿತು. ಎರಡನೆಯದು, ಮಗುವಿಗೆ ಪೌರತ್ವ ಸಿಕ್ಕರೂ ಅದು ಹೆತ್ತವರ ವಾಸದ ಹಕ್ಕಾಗಿ ತಾನಾಗಿ ಮಾರ್ಪಡುವುದಿಲ್ಲ. ಹಕ್ಕು ಬರುವ ದಾರಿಗಳು ನಾಲ್ಕೈದು ಇವೆ. ಒಂದೊಂದರ ಷರತ್ತೂ ಬೇರೆ, ಬಾಳಿಕೆಯೂ ಬೇರೆ.

ದಾರಿ ಆರಿಸುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಮಗುವಿನ ಪಾಸ್‌ಪೋರ್ಟ್ ಯಾವ ದೇಶದ್ದು? ಮಗು ಈಗ ವಾಸವಿರುವುದು ಯಾವ ದೇಶದಲ್ಲಿ? ಎರಡಕ್ಕೂ ಒಂದೇ ಉತ್ತರ ಬಂದರೆ (ಡಚ್ ಮಗು, ನೆದರ್‌ಲ್ಯಾಂಡ್ಸ್‌ನಲ್ಲೇ ಮನೆ) ಒಂದು ಬಗೆಯ ಕಾನೂನು. ಬೇರೆ ಬೇರೆ ಬಂದರೆ (ಐರಿಶ್ ಮಗು, ಮನೆ ಬರ್ಲಿನ್‌ನಲ್ಲಿ) ಪೂರ್ತಿ ಬೇರೆಯದೇ ಕಾನೂನು. ತಿರಸ್ಕಾರಗೊಳ್ಳುವ ಎಷ್ಟೋ ಅರ್ಜಿಗಳು ಈ ಮೊದಲ ಮೆಟ್ಟಿಲಲ್ಲೇ ಎಡವಿರುತ್ತವೆ.

ಅದಕ್ಕೂ ಮುಂಚೆ: ಮಗು ನಿಜಕ್ಕೂ ಪ್ರಜೆಯೇ?

ಜರ್ಮನಿಯಲ್ಲಿ 2024ರ ಜೂನ್ 27ರಿಂದ, ಹೆತ್ತವರಲ್ಲಿ ಒಬ್ಬರು ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದು, ಹೆರಿಗೆಯ ದಿನ ಅವರ ಕೈಯಲ್ಲಿ ಅವಧಿ ಮಿತಿಯಿಲ್ಲದ ವಾಸದ ಹಕ್ಕು ಇದ್ದರೆ ಮಗು ಹುಟ್ಟಿನಿಂದಲೇ ಜರ್ಮನ್. ಮೊದಲು ಇದು ಎಂಟು ವರ್ಷವಾಗಿತ್ತು. ಬೆಂಗಳೂರಿನಿಂದ ಹೋದ ಐಟಿ ಕುಟುಂಬಗಳು ಜಾರಿ ಬೀಳುವುದು ಎರಡನೇ ಷರತ್ತಿನಲ್ಲಿ. ಬ್ಲೂ ಕಾರ್ಡ್ (ನುರಿತ ಉದ್ಯೋಗಿಗಳಿಗೆ ಕೊಡುವ ಅವಧಿ ಮಿತಿಯ ಪರವಾನಗಿ) ಇಟ್ಟುಕೊಂಡು ಆರು ವರ್ಷ ಕಳೆದಿದ್ದರೂ, ಶಾಶ್ವತ ವಾಸದ ನೀಡರ್‌ಲಾಸುಂಗ್ಸ್‌ಎರ್‌ಲೌಪ್ನಿಸ್ ತೆಗೆದುಕೊಂಡಿಲ್ಲದಿದ್ದರೆ ಮಗು ಜರ್ಮನ್ ಆಗುವುದಿಲ್ಲ. ಬ್ಲೂ ಕಾರ್ಡ್ ಇದ್ದವರಿಗೆ ಅದು 27 ತಿಂಗಳಿಗೆ, ಬಿ1 ಮಟ್ಟದ (ಮಧ್ಯಮ ಹಂತದ) ಜರ್ಮನ್ ಭಾಷೆ ಬಂದರೆ 21 ತಿಂಗಳಿಗೇ ಸಿಗುತ್ತದೆ. ಹೆರಿಗೆಗೆ ಮುಂಚೆ ಮುಗಿಸಿಕೊಳ್ಳಬೇಕಾದ ಕೆಲಸ ಇದು.

ಐರ್ಲೆಂಡ್‌ನಲ್ಲಿ ಹೆರಿಗೆಯ ಹಿಂದಿನ ನಾಲ್ಕು ವರ್ಷಗಳಲ್ಲಿ ಹೆತ್ತವರಲ್ಲಿ ಒಬ್ಬರು ಮೂರು ವರ್ಷ ಲೆಕ್ಕಕ್ಕೆ ಬರುವ ವಾಸ ಮಾಡಿರಬೇಕು. ವಿದ್ಯಾರ್ಥಿಗಳಿಗೆ ಕೊಡುವ ಸ್ಟ್ಯಾಂಪ್ 2 ಎಂಬ ಪರವಾನಗಿಯಲ್ಲಿ ಕಳೆದ ದಿನಗಳು ಲೆಕ್ಕಕ್ಕಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ದಾರಿ ಇರುವುದು ಮುಖ್ಯವಾಗಿ ಡಚ್ ತಂದೆ ಅಥವಾ ತಾಯಿಯ ಮೂಲಕ. ಮದುವೆಯಾಗದ ಡಚ್ ತಂದೆ ಮಗುವಿಗೆ ಏಳು ತುಂಬುವ ಮೊದಲು ವಿಧಿವತ್ತಾಗಿ ತನ್ನದೆಂದು ಒಪ್ಪಿಕೊಂಡರೆ ಪೌರತ್ವ ತಾನಾಗಿ ಬರುತ್ತದೆ, ಆಮೇಲಾದರೆ ಡಿಎನ್‌ಎ ಪುರಾವೆ ಬೇಕು.

ಪಾಸ್‌ಪೋರ್ಟ್ ಮತ್ತು ಮನೆ ಒಂದೇ ದೇಶದ್ದಾದರೆ

ಇಲ್ಲಿ ಮೊದಲು ತಟ್ಟಬೇಕಾದ್ದು ಆ ದೇಶದ ಸ್ವಂತ ಕಾನೂನಿನ ಬಾಗಿಲು. ಬಹಳ ಜನ ನೇರವಾಗಿ ಯೂರೋಪಿಯನ್ ನ್ಯಾಯಾಲಯದ ತೀರ್ಪು ಹಿಡಿದುಕೊಂಡು ಹೋಗುತ್ತಾರೆ. ಅದರ ಅಗತ್ಯವೇ ಎಷ್ಟೋ ಸಲ ಇರುವುದಿಲ್ಲ.

ಜರ್ಮನಿಯ ವಾಸ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ಜರ್ಮನಿಯಲ್ಲಿ ನೆಲೆಸಿರುವ ಅಪ್ರಾಪ್ತ ಜರ್ಮನ್ ಮಗುವಿನ ಪಾಲನೆ ಮಾಡುವ ತಂದೆ-ತಾಯಿಗೆ ಪರವಾನಗಿ ಕೊಡಲೇಬೇಕು. ಸಂಪಾದನೆ ಸಾಲದು ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಕೆಲಸ ಮಾಡುವ ಹಕ್ಕು ಜೊತೆಗೇ ಬರುತ್ತದೆ. ಸಾಮಾನ್ಯವಾಗಿ ಮೂರು ವರ್ಷದ ನಂತರ, ಬಿ1 ಭಾಷೆಯೊಂದಿಗೆ, ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು. ಮಗುವಿಗೆ 18 ತುಂಬಿದರೂ, ಅದು ನಿಮ್ಮ ಮನೆಯಲ್ಲೇ ಇದ್ದು ಓದು ಅಥವಾ ವೃತ್ತಿ ತರಬೇತಿಯಲ್ಲಿದ್ದರೆ ಪರವಾನಗಿ ನವೀಕರಣವಾಗುತ್ತದೆ. ಈ ಕೊನೆಯ ಅನುಕೂಲ ಕೆಳಗೆ ಹೇಳುವ ಸಾಂಬ್ರಾನೋ ಹಕ್ಕಿಗೆ ಇಲ್ಲ.

ಫ್ರಾನ್ಸ್‌ನಲ್ಲಿ ಫ್ರೆಂಚ್ ಮಗುವಿನ ತಂದೆ-ತಾಯಿಗೆ ಒಂದು ವರ್ಷದ ಕಾರ್ಡ್ ಸಿಗುತ್ತದೆ. ಆದರೆ ಹುಟ್ಟಿದಂದಿನಿಂದ, ಇಲ್ಲವೇ ಕನಿಷ್ಠ ಎರಡು ವರ್ಷದಿಂದ, ಮಗುವಿನ ಖರ್ಚು ಮತ್ತು ಪಾಲನೆಯಲ್ಲಿ ಪಾಲು ಕೊಟ್ಟಿದ್ದನ್ನು ತೋರಿಸಬೇಕು. ಮಗುವಿಗೆ ಫ್ರೆಂಚ್ ಪೌರತ್ವ ಬಂದಿದ್ದು ತಂದೆ ಕಚೇರಿಯಲ್ಲಿ ತನ್ನದೆಂದು ಒಪ್ಪಿಕೊಂಡಿದ್ದರಿಂದಾದರೆ, ಆ ತಂದೆಯೂ ಪಾಲು ಕೊಡುತ್ತಿದ್ದಾನೆಂಬ ಪುರಾವೆ ಕೇಳುತ್ತಾರೆ. ಅವನು ಮನೆ ಬಿಟ್ಟು ಹೋಗಿದ್ದರೆ ತಾಯಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇಟಲಿಯಲ್ಲಿ ಇಟಾಲಿಯನ್ ಮಗುವಿನ ತಂದೆ-ತಾಯಿಗೆ ಮೊದಲಿನ ಪರವಾನಗಿ ಮುಗಿದಿದ್ದರೂ ಕೌಟುಂಬಿಕ ಕಾರಣದ ಪರವಾನಗಿ ಸಿಗುತ್ತದೆ. ಸ್ಪೇನ್ 2025ರ ಮೇ 20ರಿಂದ ಜಾರಿಗೆ ತಂದ ಹೊಸ ನಿಯಮಾವಳಿಯಲ್ಲಿ ಸ್ಪ್ಯಾನಿಶ್ ಪ್ರಜೆಗಳ ಕುಟುಂಬಕ್ಕೆ ಐದು ವರ್ಷದ ಪರವಾನಗಿ ಇಟ್ಟಿದೆ.

ಸ್ಥಳೀಯ ಕಾನೂನು ಕೈಕೊಟ್ಟರೆ ಉಳಿಯುವುದು ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 20ನೇ ವಿಧಿ. ವಕೀಲರ ಬಾಯಲ್ಲಿ ಇದು ಸಾಂಬ್ರಾನೋ ಹಕ್ಕು. 2011ರ ಮಾರ್ಚ್ 8ರಂದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ, ಬೆಲ್ಜಿಯಂನಲ್ಲಿ ಹುಟ್ಟಿ ಬೆಲ್ಜಿಯನ್ ಪ್ರಜೆಗಳಾದ ಮಕ್ಕಳ ತಂದೆ, ಸಾಂಬ್ರಾನೋ ಎಂಬ ಕೊಲಂಬಿಯನ್‌ಗೆ ವಾಸವನ್ನೂ ಕೆಲಸದ ಪರವಾನಗಿಯನ್ನೂ ನಿರಾಕರಿಸುವಂತಿಲ್ಲ ಎಂದಿತು. ತರ್ಕ ಸರಳ: ಅಪ್ಪನನ್ನು ಹೊರಗೆ ಹಾಕಿದರೆ ಮಕ್ಕಳೂ ಒಕ್ಕೂಟದ ನೆಲವನ್ನೇ ಬಿಟ್ಟು ಹೋಗಬೇಕಾಗುತ್ತದೆ, ಆಗ ಅವರ ಪೌರತ್ವ ಬರೀ ಕಾಗದವಾಗುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಡೆರೆಚಿ ತೀರ್ಪು ಇದರ ಎಲ್ಲೆ ಗೆರೆ ಎಳೆಯಿತು. ಎಲ್ಲರೂ ಒಟ್ಟಿಗಿದ್ದರೆ ಒಳ್ಳೆಯದು, ದುಡ್ಡಿನ ದೃಷ್ಟಿಯಿಂದ ಅನುಕೂಲ ಎಂಬುದು ಸಾಲದು. ಮಗು ಒಕ್ಕೂಟ ಬಿಡಲೇಬೇಕಾದ ಪರಿಸ್ಥಿತಿ ಬರುತ್ತದೆಂದು ತೋರಿಸಬೇಕು.

ಹಾಗಾದರೆ ಇನ್ನೊಬ್ಬ ಪೋಷಕ ಅಲ್ಲಿಯ ಪ್ರಜೆಯಾಗಿದ್ದು, ಅವರೇ ಮಗುವನ್ನು ನೋಡಿಕೊಳ್ಳಬಹುದಲ್ಲ? ಕಚೇರಿಗಳು ವರ್ಷಗಟ್ಟಲೆ ಈ ಒಂದೇ ವಾಕ್ಯ ಬರೆದು ಅರ್ಜಿ ತಿರಸ್ಕರಿಸಿದವು. ನೆದರ್‌ಲ್ಯಾಂಡ್ಸ್‌ನ ಪ್ರಕರಣವೊಂದರಲ್ಲಿ ಬಂದ 2017ರ ಮೇ 10ರ ಚಾವೆಸ್-ವಿಲ್ಚೆಸ್ ತೀರ್ಪು ಅದಕ್ಕೆ ತಡೆ ಹಾಕಿತು. ಡಚ್ ತಂದೆ ನಿಜವಾಗಿಯೂ ಒಬ್ಬನೇ ಮಗುವನ್ನು ನೋಡಿಕೊಳ್ಳಬಲ್ಲ, ನೋಡಿಕೊಳ್ಳಲು ಸಿದ್ಧ ಎಂಬುದು ಒಂದು ಅಂಶವೇ ಹೊರತು ಅದೇ ಅಂತಿಮವಲ್ಲ. ಮಗುವಿನ ವಯಸ್ಸು, ದೇಹ-ಮನಸ್ಸಿನ ಬೆಳವಣಿಗೆ, ಇಬ್ಬರ ಜೊತೆಗಿನ ಬಾಂಧವ್ಯ, ಅಗಲಿಕೆಯಿಂದ ಆಗುವ ಪೆಟ್ಟು ಎಲ್ಲವನ್ನೂ ತೂಗಬೇಕು. 2022ರ ಮೇ 5ರ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಮಗು ಇಬ್ಬರ ಜೊತೆಗೂ ಸ್ಥಿರವಾಗಿ ಒಂದೇ ಮನೆಯಲ್ಲಿದ್ದು, ದಿನದ ಪಾಲನೆಯನ್ನೂ ಹೊಣೆಯನ್ನೂ ಇಬ್ಬರೂ ಹಂಚಿಕೊಂಡಿದ್ದರೆ, ಅವಲಂಬನೆ ಇದೆಯೆಂದೇ ಮೊದಲು ಊಹಿಸಬೇಕು. ಇಲ್ಲವೆಂದು ತೋರಿಸುವ ಹೊರೆ ಕಚೇರಿಯದು.

ವೀಸಾ ಮುಗಿದಿದೆ, ಹಿಂದೆ ದೇಶಕ್ಕೆ ಬರಬಾರದೆಂಬ ನಿಷೇಧ ಇತ್ತು ಎಂಬ ಕಾರಣಕ್ಕೆ ಅರ್ಜಿಯನ್ನು ನೋಡದೆಯೇ ಬದಿಗಿಡುವಂತಿಲ್ಲ (2018ರ ತೀರ್ಪು). ಅಪರಾಧದ ದಾಖಲೆ ಇದ್ದ ಮಾತ್ರಕ್ಕೆ ತಾನಾಗಿ ತಿರಸ್ಕರಿಸುವಂತಿಲ್ಲ (2016ರ ತೀರ್ಪು). ಹಾಗೆಂದು ಇದನ್ನೇ ಮೊದಲ ಆಯ್ಕೆ ಮಾಡಿಕೊಳ್ಳಬೇಡಿ. ಬೇರೆಲ್ಲ ದಾರಿ ಮುಚ್ಚಿದಾಗ ಮಾತ್ರ ತೆರೆಯುವ ಬಾಗಿಲು ಇದು ಎಂದು ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಮಗುವಿಗೆ 18 ತುಂಬಿದ ಮೇಲೆ, ತೀರಾ ಅಪರೂಪದ ಅವಲಂಬನೆ ಇದ್ದರಷ್ಟೇ ಉಳಿಯುತ್ತದೆ.

ಪಾಸ್‌ಪೋರ್ಟ್ ಒಂದು ದೇಶದ್ದು, ಮನೆ ಇನ್ನೊಂದರಲ್ಲಿ

ಇಲ್ಲಿ ಸಾಂಬ್ರಾನೋ ಬಹುಮಟ್ಟಿಗೆ ಕೆಲಸಕ್ಕೆ ಬಾರದು. 2013ರ ಅಲೋಕ್ಪಾ ಪ್ರಕರಣ ನೋಡಿ: ಟೋಗೋ ದೇಶದ ತಾಯಿ, ಫ್ರೆಂಚ್ ಪೌರತ್ವದ ಅವಳಿ ಮಕ್ಕಳು, ವಾಸ ಲಕ್ಸೆಂಬರ್ಗ್‌ನಲ್ಲಿ. ಲಕ್ಸೆಂಬರ್ಗ್ ಹೊರಗೆ ಹಾಕಿದರೂ ತಾಯಿ ಮಕ್ಕಳೊಂದಿಗೆ ಫ್ರಾನ್ಸ್‌ಗೆ ಹೋಗಬಹುದಲ್ಲ, ಅಲ್ಲಿ ಆಕೆಗೆ ವಾಸದ ಹಕ್ಕು ಸಿಗುತ್ತದಲ್ಲ, ಹಾಗಿದ್ದಮೇಲೆ ಮಕ್ಕಳು ಒಕ್ಕೂಟವನ್ನೇ ಬಿಡಬೇಕಾಗಿಲ್ಲ ಎಂಬುದು ತೀರ್ಪಿನ ಸಾರ. ಪಕ್ಕದ ದೇಶದಲ್ಲಿದ್ದುಕೊಂಡು 20ನೇ ವಿಧಿಯ ಅರ್ಜಿ ಹಾಕುವವರು ಇದನ್ನು ಮೊದಲು ಓದಬೇಕು.

ಮನೆಯಲ್ಲಿ ಒಕ್ಕೂಟದ ಪ್ರಜೆಯಾದ ಗಂಡ ಅಥವಾ ಹೆಂಡತಿ ಇದ್ದು, ತನ್ನದಲ್ಲದ ದೇಶದಲ್ಲಿ ದುಡಿಯುತ್ತಿದ್ದರೆ, ಎಲ್ಲಕ್ಕಿಂತ ಗಟ್ಟಿ ದಾರಿ 2004/38ನೇ ಡೈರೆಕ್ಟಿವ್, ಅಂದರೆ ಒಕ್ಕೂಟದ ಪ್ರಜೆಗಳೂ ಅವರ ಕುಟುಂಬದವರೂ ಒಕ್ಕೂಟದ ಬೇರೆ ದೇಶದಲ್ಲಿ ನೆಲೆಸುವ ಕುರಿತ ಒಕ್ಕೂಟದ ಕಾನೂನು. ಮಗುವಿನ ಪೌರತ್ವ ಇಲ್ಲಿ ಮುಖ್ಯವಲ್ಲ, ಸಂಗಾತಿಯದ್ದು ಮುಖ್ಯ. ಪ್ರವೇಶ ವೀಸಾ ಉಚಿತ, ಬೇಗ ಕೊಡಬೇಕು. ಮೂರು ತಿಂಗಳಿಗಿಂತ ಹೆಚ್ಚು ಇರುವುದಾದರೆ ರೆಸಿಡೆನ್ಸ್ ಕಾರ್ಡ್‌ಗೆ ಅರ್ಜಿ. ಕೊಟ್ಟ ತಕ್ಷಣ ಸ್ವೀಕೃತಿ ಪತ್ರ ಕೊಡಬೇಕು, ಆರು ತಿಂಗಳೊಳಗೆ ಐದು ವರ್ಷದ ಕಾರ್ಡ್ ಕೊಡಬೇಕು, ಸ್ಥಳೀಯರ ಗುರುತಿನ ಚೀಟಿಗಿಂತ ಹೆಚ್ಚಿನ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಯಾವ ದಾಖಲೆ ಕೇಳಬಹುದೆಂದು 10ನೇ ವಿಧಿ ಪಟ್ಟಿ ಮಾಡಿದೆ. ಅದರಾಚೆ ಬ್ಯಾಂಕಿನ ಹೆಚ್ಚುವರಿ ಹಾಳೆಗಳು, ಸಂಬಳದ ಕನಿಷ್ಠ ಮೊತ್ತ ಎಂದು ಕೌಂಟರಿನಲ್ಲಿ ಕೇಳಿದರೆ ಆ ವಿಧಿಯನ್ನೇ ಮುದ್ರಿಸಿ ಮುಂದಿಡಿ.

ಈ ದಾರಿಯಲ್ಲಿ ಎಡವುವ ಜಾಗ ವಿಚ್ಛೇದನ. ಮದುವೆ ಕನಿಷ್ಠ ಮೂರು ವರ್ಷ ಬಾಳಿ, ಅದರಲ್ಲಿ ಒಂದು ವರ್ಷ ಆ ದೇಶದಲ್ಲಿ ಕಳೆದಿದ್ದರೆ, ಇಲ್ಲವೇ ಮಗುವಿನ ಪಾಲನೆ ನಿಮಗೆ ಬಂದಿದ್ದರೆ, ವಿಚ್ಛೇದನದ ನಂತರವೂ ಹಕ್ಕು ಉಳಿಯುತ್ತದೆ. ಆದರೆ ಸಂಗಾತಿ ದೇಶ ಬಿಟ್ಟು ಹೋದ ಮೇಲೆ ವಿಚ್ಛೇದನದ ದಾವೆ ಹಾಕಿದರೆ? 2015ರ ಸಿಂಗ್ ತೀರ್ಪಿನ ಪ್ರಕಾರ ಅಷ್ಟರಲ್ಲಾಗಲೇ ಹಕ್ಕು ಹೋಗಿರುತ್ತದೆ. ಆತ ಹೊರಡುವ ಮೊದಲೇ ದಾವೆ ದಾಖಲಾಗಿರಬೇಕು. ಮನೆಯಲ್ಲಿ ಹಿಂಸೆ ಅನುಭವಿಸಿದವರ ಮಟ್ಟಿಗೆ 2021ರ ತೀರ್ಪು ಇದನ್ನು ಸಡಿಲಿಸಿದೆ. ಸಂಗಾತಿ ಹೊರಟ ಮೇಲೂ, ಹೆಚ್ಚು ತಡಮಾಡದೆ ದಾವೆ ಹೂಡಿದರೆ ನಡೆಯುತ್ತದೆ. ‘ಸ್ವಲ್ಪ ದಿನ ನೋಡೋಣ, ಹಿರಿಯರು ಮಾತಾಡಲಿ’ ಎಂದು ಕಾಯುವ ನಮ್ಮ ರೂಢಿ ಇಂಥ ಹೊತ್ತಿನಲ್ಲಿ ದುಬಾರಿಯಾಗುತ್ತದೆ.

ಸಂಗಾತಿ ಜೊತೆಗಿಲ್ಲ, ಮಗು ಮಾತ್ರ ಒಕ್ಕೂಟದ ಪ್ರಜೆ, ನಿಮಗೆ ಸಂಪಾದನೆ ಇದೆ ಎಂದಾದರೆ ಚೆನ್ ದಾರಿ. 2004ರ ಅಕ್ಟೋಬರ್ 19ರ ತೀರ್ಪು ಇದು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಐರಿಶ್ ಪೌರತ್ವ ಪಡೆದ ಕೂಸು, ಚೀನೀ ತಾಯಿ, ವಾಸ ವೇಲ್ಸ್‌ನಲ್ಲಿ (ಬ್ರಿಟನ್ ಆಗ ಒಕ್ಕೂಟದಲ್ಲಿತ್ತು). ತಾಯಿ ಕೂಸಿನ ಮೇಲೆ ಅವಲಂಬಿತಳಲ್ಲ, ಕೂಸೇ ತಾಯಿಯ ಮೇಲೆ ಅವಲಂಬಿತ. ಡೈರೆಕ್ಟಿವ್‌ನಲ್ಲಿ ‘ಅವಲಂಬಿತ ಹಿರಿಯರು’ ಎಂಬ ಪಟ್ಟಿಗೆ ಅವಳು ಸೇರುವುದಿಲ್ಲ. ಆದರೂ ಪಾಲಕಿಯೇ ಇಲ್ಲದೆ ಕೂಸಿನ ವಾಸದ ಹಕ್ಕಿಗೆ ಅರ್ಥವಿಲ್ಲವೆಂದು ನ್ಯಾಯಾಲಯ ಹಕ್ಕು ಕೊಟ್ಟಿತು. ಷರತ್ತು ಎರಡು: ಸರ್ಕಾರದ ನೆರವಿಗೆ ಹೊರೆಯಾಗದಷ್ಟು ಹಣ, ಮತ್ತು ಪೂರ್ಣ ಆರೋಗ್ಯ ವಿಮೆ. ಹಣ ಮಗುವಿನದ್ದೇ ಆಗಬೇಕಿಲ್ಲ, ಹೆತ್ತವರದ್ದು ಸಾಕು. ಪರವಾನಗಿಯಿಲ್ಲದ ಕೆಲಸದಿಂದ ಬಂದ ಸಂಪಾದನೆಯೂ ಲೆಕ್ಕಕ್ಕೆ ಬರುತ್ತದೆಂದು 2019ರಲ್ಲಿ ತೀರ್ಪಾಗಿದೆ. ವಿಮೆಯ ವಿಷಯ ಹೆಚ್ಚು ಕಾಡುತ್ತದೆ. ಪ್ರವಾಸದ ವಿಮೆ ತೋರಿಸಿದರೆ ಆಗದು, ತಾಯಿಗೂ ಮಗುವಿಗೂ ಇಬ್ಬರಿಗೂ ಬೇಕು, ನಡುವೆ ಒಂದು ತಿಂಗಳೂ ತಪ್ಪಬಾರದು.

ಇನ್ನೊಂದು ದಾರಿ ಹೆಚ್ಚು ಜನರಿಗೆ ಗೊತ್ತೇ ಇಲ್ಲ. ಒಕ್ಕೂಟದ ಪ್ರಜೆಯಾದ ತಂದೆ ಅಥವಾ ತಾಯಿ (ಈಗ ಬಿಟ್ಟು ಹೋಗಿದ್ದರೂ ಸರಿ) ಆ ದೇಶದಲ್ಲಿ ಎಂದಾದರೂ ನೌಕರಿ ಮಾಡಿದ್ದು, ಆಗ ಮಗು ಅಲ್ಲಿ ಇದ್ದು, ಈಗ ಅಲ್ಲಿನ ಶಾಲೆಯಲ್ಲಿ ಓದುತ್ತಿದ್ದರೆ, ಒಕ್ಕೂಟದ 492/2011ನೇ ನಿಯಮಾವಳಿಯ 10ನೇ ವಿಧಿ ಮಗುವಿಗೂ ಅದರ ಪಾಲಕರಿಗೂ ವಾಸದ ಹಕ್ಕು ಕೊಡುತ್ತದೆ. 2010ರ ಇಬ್ರಾಹಿಂ ಮತ್ತು ತೆಷೈರಾ ತೀರ್ಪುಗಳು ಹೇಳಿದ್ದು: ಹಣದ ಷರತ್ತಿಲ್ಲ, ವಿಮೆಯ ಷರತ್ತಿಲ್ಲ. ಮಗು ಒಕ್ಕೂಟದ ಪ್ರಜೆಯಾಗಿರಲೇಬೇಕೆಂದೂ ಇಲ್ಲ. 18 ದಾಟಿದರೂ ಓದು ಮುಗಿಸಲು ಪಾಲಕರ ಆಸರೆ ಬೇಕಿದ್ದರೆ ಹಕ್ಕು ಮುಂದುವರಿಯುತ್ತದೆ. ಕೈಯಲ್ಲಿ ಕಾಸಿಲ್ಲದ ಒಂಟಿ ತಾಯಿಗೆ ಚೆನ್ ದಾರಿಗಿಂತ ಇದೇ ಮೇಲು. ಕೊರತೆ ಎರಡು. ತಂದೆ ನೌಕರನಲ್ಲದೆ ಸ್ವಂತ ವ್ಯವಹಾರ ಮಾತ್ರ ಮಾಡುತ್ತಿದ್ದರೆ ಇದು ಅನ್ವಯಿಸದು (2012). ಈ ವರ್ಷಗಳು ಡೈರೆಕ್ಟಿವ್ ಪ್ರಕಾರದ ಶಾಶ್ವತ ವಾಸಕ್ಕೆ ಸೇರುವುದಿಲ್ಲ (2013). ಆದ್ದರಿಂದ ಬಿಟ್ಟು ಹೋದವನ ಹಳೆಯ ಸಂಬಳದ ಚೀಟಿ, ಉದ್ಯೋಗ ಒಪ್ಪಂದದ ಪ್ರತಿ ಏನಿದ್ದರೂ ಎಸೆಯಬೇಡಿ. ನಾಳೆ ಅವೇ ನಿಮ್ಮ ಆಧಾರ.

ಕುಟುಂಬ ಸಮೇತ ಇನ್ನೊಂದು ಒಕ್ಕೂಟ ದೇಶದಲ್ಲಿ ಇದ್ದು, ಆಮೇಲೆ ಪ್ರಜೆಯ ಸ್ವಂತ ದೇಶಕ್ಕೆ ಮರಳುವವರಿಗೂ ಡೈರೆಕ್ಟಿವ್‌ನ ಅನುಕೂಲಗಳೇ ಸಿಗುತ್ತವೆ. ಆದರೆ 2014ರ ತೀರ್ಪಿನಂತೆ ಮೂರು ತಿಂಗಳಿಗಿಂತ ಹೆಚ್ಚಿನ ನಿಜವಾದ ವಾಸ ಅಲ್ಲಿ ಆಗಿರಬೇಕು. ವಾರಾಂತ್ಯದ ಓಡಾಟ ಕೂಡಿಸಿದರೆ ನಡೆಯದು.

ಮಗು ಬೆಂಗಳೂರಿನಲ್ಲೇ ಇದ್ದರೆ

ಡಚ್ ಪಾಸ್‌ಪೋರ್ಟಿನ ಮಗು ಹುಟ್ಟಿನಿಂದ ಇಲ್ಲೇ ಅಮ್ಮನ ಜೊತೆ ಬೆಳೆದಿದೆ, ಒಮ್ಮೆಯೂ ಯೂರೋಪ್ ನೋಡಿಲ್ಲ ಎಂದುಕೊಳ್ಳಿ. 2023ರ ಜೂನ್ 22ರ ತೀರ್ಪು ಇಂಥ ತಾಯಿಗೂ 20ನೇ ವಿಧಿ ಅನ್ವಯಿಸಬಹುದು ಎಂದಿದೆ. ಅವಲಂಬನೆ ಇರಬೇಕು, ಮಗು ತಾಯಿಯೊಂದಿಗೆ ತನ್ನ ಪೌರತ್ವದ ದೇಶಕ್ಕೆ ಹೋಗಿ ನೆಲೆಸುವುದು ಖಚಿತವಾಗಿರಬೇಕು. ಶಾಲೆಯ ಸೀಟು, ಬಾಡಿಗೆ ಕರಾರು, ಟಿಕೆಟ್ ಇಂಥವು ಆ ಖಚಿತತೆ ತೋರಿಸುವ ಕಾಗದಗಳು.

ಕಾರ್ಡ್ ಕೈಗೆ ಬಂದ ಮೇಲೆ ಯಾವುದು ಎಷ್ಟು ಬೆಲೆಬಾಳುತ್ತದೆ

ಪ್ರಯಾಣದಲ್ಲಿ ಡೈರೆಕ್ಟಿವ್‌ನ ಕಾರ್ಡ್ ಮುಂದೆ. ಪ್ರಜೆಯ ಜೊತೆ ಹೋಗುವಾಗ ಇನ್ನೊಂದು ಒಕ್ಕೂಟ ದೇಶಕ್ಕೆ ವೀಸಾ ಕೇಳುವಂತಿಲ್ಲ, ಅಲ್ಲಿಗೆ ಹೋಗಿ ನೆಲೆಸುವ ಹಕ್ಕೂ ಜೊತೆಗೆ ಬರುತ್ತದೆ. ಸಾಂಬ್ರಾನೋ ಪರವಾನಗಿ ಆ ಒಂದು ದೇಶದ್ದು. ಒಳಗಡಿಗಳಲ್ಲಿ ತಪಾಸಣೆ ತೆಗೆದಿರುವ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಓಡಾಡಬಹುದು ಅಷ್ಟೆ. ಐರ್ಲೆಂಡ್ ಕೊಡುವ ಸ್ಟ್ಯಾಂಪ್ 4 ಎಂಬ ವಾಸದ ಪರವಾನಗಿಗೆ ಅದೂ ಇಲ್ಲ, ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ.

ಶಾಶ್ವತ ವಾಸದ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಡೈರೆಕ್ಟಿವ್ ಪ್ರಕಾರ ಐದು ವರ್ಷ ಮುಗಿದರೆ ಹತ್ತು ವರ್ಷದ ಶಾಶ್ವತ ಕಾರ್ಡ್, ಆಮೇಲೆ ಹಣ-ವಿಮೆಯ ಪ್ರಶ್ನೆಯಿಲ್ಲ. ಸಾಂಬ್ರಾನೋ ವರ್ಷಗಳಿಗೆ ಈ ಕಾರ್ಡ್ ಇಲ್ಲ. ಬಹುಕಾಲ ಅವು ಯಾವುದಕ್ಕೂ ಸೇರದ ವರ್ಷಗಳಂತೆಯೇ ಇದ್ದವು. 2022ರ ಸೆಪ್ಟೆಂಬರ್ 7ರಂದು, 2003/109ನೇ ಡೈರೆಕ್ಟಿವ್‌ನ ದೀರ್ಘಕಾಲದ ನಿವಾಸಿ ಸ್ಥಾನಕ್ಕೆ ಅವನ್ನು ಲೆಕ್ಕ ಹಿಡಿಯಬೇಕೆಂದು ತೀರ್ಪು ಬಂತು. ಐದು ವರ್ಷದ ಎಡೆಬಿಡದ ವಾಸ, ಸ್ಥಿರ ಸಂಪಾದನೆ, ವಿಮೆ ಇದ್ದರೆ ಅರ್ಜಿ ಹಾಕಬಹುದು. ಐರ್ಲೆಂಡ್ ಮತ್ತು ಡೆನ್ಮಾರ್ಕ್‌ಗೆ ಆ ಡೈರೆಕ್ಟಿವ್ ಅನ್ವಯಿಸುವುದಿಲ್ಲ. ಮಗುವಿಗೆ ಹದಿಮೂರು ತುಂಬುವಷ್ಟರಲ್ಲಿ ಸಾಂಬ್ರಾನೋ ಪರವಾನಗಿ ಕೈಯಲ್ಲಿದ್ದರೆ ಐದು ವರ್ಷ ಸರಿಹೊಂದುತ್ತದೆ. ಹದಿನಾರರಲ್ಲಿ ಶುರು ಮಾಡಿದವರಿಗೆ ಲೆಕ್ಕ ಕೂಡುವುದಿಲ್ಲ.

ಒಕ್ಕೂಟದ ಹೊರಗಿನ ನೆರೆಹೊರೆಯ ಬಗ್ಗೆ ಎರಡು ಮಾತು. ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳಲ್ಲಿ 2004/38 ನಡೆಯುತ್ತದೆ, 20ನೇ ವಿಧಿ ನಡೆಯುವುದಿಲ್ಲ. ಬ್ರಿಟನ್‌ನಲ್ಲಿ ಸಾಂಬ್ರಾನೋ ಪಾಲಕರ ಹೊಸ ಅರ್ಜಿಗಳು 2023ರ ಆಗಸ್ಟ್ 8ಕ್ಕೆ ನಿಂತುಹೋದವು.

ಅರ್ಜಿ ಗೆಲ್ಲುವುದು ಕಾಗದದಲ್ಲಿ

ಪಾಲನೆ ತೋರಿಸುವಾಗ ಹುಟ್ಟುಹಬ್ಬದ ಫೋಟೋಗಳಿಗೆ ತೂಕ ಕಡಿಮೆ. ನಿಮ್ಮ ಸಹಿ ಇರುವ ಶಾಲಾ ಪತ್ರಗಳು, ಪೋಷಕರ ಸಭೆಗೆ ನಿಮ್ಮ ಹೆಸರಿಗೆ ಬಂದ ಕರೆ, ಮಕ್ಕಳ ವೈದ್ಯರು ನೀವೇ ಕರೆತರುತ್ತೀರೆಂದು ಬರೆದ ಪತ್ರ, ಲಸಿಕೆ ಪುಸ್ತಕ, ಶಿಶುವಿಹಾರದ ಶುಲ್ಕ ನಿಮ್ಮ ಖಾತೆಯಿಂದ ಹೋದ ದಾಖಲೆ, ಒಂದೇ ವಿಳಾಸದ ನೋಂದಣಿ: ಇವು ನಿಲ್ಲುತ್ತವೆ. ಬೇರೆ ಮನೆಯಲ್ಲಿದ್ದರೆ ವಾರದ ಯಾವ ದಿನ ಮಗು ಯಾರ ಬಳಿ ಎಂಬ ವೇಳಾಪಟ್ಟಿಯನ್ನು, ಸಾಧ್ಯವಾದರೆ ನ್ಯಾಯಾಲಯದ ಆದೇಶದ ಜೊತೆ ಕೊಡಿ. ತಿಂಗಳಿಗೊಮ್ಮೆ ಭೇಟಿ ಮಾಡುವ ತಂದೆಯ ಅರ್ಜಿ ಸಾಂಬ್ರಾನೋ ದಾರಿಯಲ್ಲಿ ನಿಲ್ಲುವುದು ಕಷ್ಟ. ಅಂಥವರು ಸ್ಥಳೀಯ ಕಾನೂನಿನ ಭೇಟಿ ಹಕ್ಕನ್ನೇ ನಂಬಬೇಕು.

ಕರ್ನಾಟಕದಿಂದ ಹೋದವರಿಗೆ ಹೆಸರಿನದ್ದೇ ಒಂದು ತೊಡಕು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಮದುವೆ ಪತ್ರದಲ್ಲಿ ಅಪ್ಪನ ಹೆಸರು ಸೇರಿಕೊಂಡಿರುತ್ತದೆ. ಅಲ್ಲಿನ ಜನನ ನೋಂದಣಿಯಲ್ಲಿ ನಾಲ್ಕನೆಯ ರೂಪ ಬರೆದುಕೊಂಡಿರುತ್ತಾರೆ. ಮಗುವಿನ ಜನನ ಪತ್ರದಲ್ಲಿರುವ ತಾಯಿಯೂ ಪಾಸ್‌ಪೋರ್ಟಿನ ಮಹಿಳೆಯೂ ಒಬ್ಬರೇ ಎಂದು ಸಾಬೀತುಪಡಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಹೆರಿಗೆಗೆ ಮುಂಚೆ ಪಾಸ್‌ಪೋರ್ಟ್ ಸರಿಪಡಿಸಿಕೊಂಡು, ಆಸ್ಪತ್ರೆಯ ಅರ್ಜಿಯಲ್ಲೂ ಅಕ್ಷರಕ್ಷರ ಅದನ್ನೇ ಬರೆಯಿರಿ.

ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಬೇರೆ ದೇಶಗಳಿಗಾಗಿ ದೃಢೀಕರಿಸುವ ಮುದ್ರೆ) ಬಗ್ಗೆಯೂ ಎಚ್ಚರ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪಂದದಲ್ಲಿದೆ, ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ ಬಹಳಷ್ಟು ದೇಶಗಳಲ್ಲಿ ನಡೆಯುತ್ತದೆ. ಆದರೆ ಜರ್ಮನಿ ಭಾರತದ ಸೇರ್ಪಡೆಗೆ ಆಕ್ಷೇಪ ಎತ್ತಿದ್ದರಿಂದ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಬೇಕೆಂದಾಗ ಜರ್ಮನ್ ದೂತಾವಾಸದ ಮೂಲಕ ದಾಖಲೆ ಪರಿಶೀಲನೆ ನಡೆಯುತ್ತದೆ, ಸಮಯ ಹಿಡಿಯುತ್ತದೆ. ಒಕ್ಕೂಟದ ಒಂದು ದೇಶದ ಜನನ ಪತ್ರವನ್ನು ಇನ್ನೊಂದಕ್ಕೆ ಕೊಡುವಾಗ ಮಾತ್ರ, 2019ರ ಫೆಬ್ರವರಿಯಿಂದ, ಅಪೊಸ್ಟಿಲ್ ಬೇಕಿಲ್ಲ. ಮಗುವಿನ ಜನನವನ್ನು ಭಾರತೀಯ ದೂತಾವಾಸದಲ್ಲಿ ನೋಂದಾಯಿಸುವಾಗ ಅದರ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕಾಗುತ್ತದೆ. ಯೂರೋಪಿನ ಪಾಸ್‌ಪೋರ್ಟ್ ತೆಗೆಸಿದ ಮಗುವಿಗೆ ಇದು ಆಗದು, ಅದಕ್ಕೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡೇ ದಾರಿ.

ಅರ್ಜಿಯಲ್ಲಿ ಒಂದೇ ಆಧಾರಕ್ಕೆ ಜೋತುಬೀಳಬೇಡಿ. ‘ಮೊದಲಿಗೆ ಸ್ಥಳೀಯ ಕಾನೂನಿನ ಪ್ರಕಾರ, ಅದಾಗದಿದ್ದರೆ 492/2011ರ 10ನೇ ವಿಧಿ, ಅದೂ ಆಗದಿದ್ದರೆ 20ನೇ ವಿಧಿ’ ಎಂದು ಕ್ರಮವಾಗಿ, ಒಂದೇ ಪತ್ರದಲ್ಲಿ ಬರೆಯಿರಿ. ತಿರಸ್ಕಾರ ಬಂದರೆ ದಿನ ಎಣಿಸಿ: ನೆದರ್‌ಲ್ಯಾಂಡ್ಸ್‌ನಲ್ಲಿ ಆಕ್ಷೇಪಣೆಗೆ ನಾಲ್ಕು ವಾರ, ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ತಿಂಗಳು. ಪತ್ರ ಬಂದ ಲಕೋಟೆಯನ್ನೂ ತೆಗೆದಿಡಿ. ಗಡುವು ಯಾವ ದಿನದಿಂದ ಶುರುವಾಯಿತೆಂಬ ತಕರಾರು ಬಂದಾಗ ಅದೂ ಬೇಕಾಗುತ್ತದೆ.